ಹುಲ್ಲು ತೂಗಿದ ವರ್ಷ

ಕೃಷಿ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಮೊದಲ ನೌಕರಿ ಸಿಕ್ಕಿದ್ದು ದನದ ಮೇವು ತೂಗುವುದಕ್ಕೆ. ಎರಡು ಸಾವಿರದ ಇಸವಿಯ ಆಸುಪಾಸು. ವಿಷಯ ತಿಳಿಸಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಿ ನನ್ನನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದರು.

"ಹುಲ್ಲು ತೂಗಾಕ ಪಗಾರ ಕೊಡ್ತಾರೇನು?" ಎಂದರು.

"ಕೊಡ್ತಾರಪ್ಪಾ."

"ತೂಗಿದ ಹುಲ್ಲು ಯಾರಿಗೆ ಮಾರ್ತಾರ ಮತ್ತ?"

"ಮಾರೂದಿಲ್ಲ. ತೂಗಿ ಎಮ್ಮಿಗೇ ಹಾಕೂದು."

ಅಪ್ಪ ಮತ್ತೆ ತಟ್ಟೆಗೆ ಬಗ್ಗಿದರು. ತೂಗಿದ ಮೇಲೆ ಮಾರದೆ ಇರುವ ವ್ಯವಹಾರ ಅವರ ಬುದ್ಧಿಗೆ ಒಗ್ಗುವಂಥದ್ದಲ್ಲ. ಬೆಳಗಾವಿಯ ರವಿವಾರ ಪೇಟೆಯ ಬಾಜು ಅವರದೊಂದು ಹಿಂಡಿ ಅಂಗಡಿ ಇತ್ತು. ಶೇಂಗಾ ಹಿಂಡಿ, ಹತ್ತಿಕಾಳು, ಭತ್ತದ ತೌಡು, ಗೋದಿಯ ಬೂಸಾ ಚೀಲಗಳ ನಡುವೆ ಅವರ ಆಯುಷ್ಯದ ಬಹುಭಾಗ ಕಳೆದಿತ್ತು. ಸಂಜೆ ಶಿವಬಸವ ನಗರದ ನಮ್ಮ ಮನೆಗೆ ಅವರಿಗಿಂತ ಮೊದಲು ಹಿಂಡಿಯ ವಾಸನೆ ಬರುತ್ತಿತ್ತು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಾಗಲೂ ಅದರ ಸಣ್ಣ ಎಳೆಯೊಂದು ಉಳಿದೇ ಇರುತ್ತಿತ್ತು. ಸಾಲೆಗೆ ಹೋಗುವ ಹುಡುಗಿಯಾಗಿದ್ದಾಗ ನನಗೆ ಅದರಿಂದ ನಾಚಿಕೆಯಾಗುತ್ತಿತ್ತು. ಈಗ ಯಾವುದೋ ಊರಿನ ಪೇಟೆಯಲ್ಲಿ ಹಿಂಡಿ ಅಂಗಡಿ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಧಾರವಾಡದ ಕಡೆಯ ಒಬ್ಬ ವಿಜ್ಞಾನಿ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ತುಸು ನರೆತ ಕೂದಲು, ಬಾಯಲ್ಲಿ ಸದಾ ಒಂದು ಲವಂಗ. ಮೊದಲ ದಿನವೇ ನನ್ನನ್ನು ಎದುರು ಕೂರಿಸಿಕೊಂಡು ಕೆಲಸವನ್ನು ವಿವರಿಸಿದರು. ಒಂದು ಲೀಟರ್ ಹಾಲಿನ ಹಿಂದೆ ಎಷ್ಟು ನೀರು, ಎಷ್ಟು ಡೀಸೆಲ್, ಎಷ್ಟು ಗೊಬ್ಬರ, ಎಷ್ಟು ಕರೆಂಟು ಖರ್ಚಾಗಿದೆ ಎಂದು ಲೆಕ್ಕ ಹಾಕುವವರು ಆಗಲೇ ಜಗತ್ತಿನಲ್ಲಿ ಹುಟ್ಟಿಕೊಂಡಿದ್ದರು. ಈಗ ಅದನ್ನು ಪರಿಸರದ ಹೆಜ್ಜೆಗುರುತು ಎನ್ನುತ್ತಾರೆ. ನಾವು ಆಗ 'ಪರಿಸರದ ಹೊರೆ' ಎನ್ನುತ್ತಿದ್ದೆವು. ಹಾಲಿನ ಹೊರೆಯಲ್ಲಿ ದೊಡ್ಡ ಪಾಲು ಮೇವಿನದು. ಆದರೆ ನಮ್ಮ ಭಾಗದ ಮೇವಿಗೆ ಅಂಕಿಗಳೇ ಇರಲಿಲ್ಲ.

"ಅಂಕಿ ಇಲ್ಲಂದ್ರ ಏನ್ ಮಾಡ್ತಾರ ಗೊತ್ತೇನು?" ಎಂದರು ಮೇಡಂ. "ಹೊರದೇಶದ ಗೋದಿ ಹುಲ್ಲಿನ ಅಂಕಿ ತಂದು ನಮ್ಮ ಭತ್ತದ ಹುಲ್ಲಿನ ಜಾಗಾದಾಗ ಕುಂದರಸ್ತಾರ. ಅಲ್ಲಿ ಹುಲ್ಲನ್ನ ಮಷಿನ್ ಕಟ್ತದ, ಮಷಿನ್ ಒಯ್ತದ. ಇಲ್ಲಿ ತಲಿ ಮ್ಯಾಲ ಹೊತ್ತು ತರ್ತಾರ. ಎರಡೂ ಒಂದ ಹೆಂಗ ಆಗ್ತದ?"

ಹೀಗೆ ನನ್ನ ಕೈಗೆ ಒಂದು ಕೊಕ್ಕೆ ತಕ್ಕಡಿ ಬಂತು. ಖಾನಾಪುರ ತಾಲೂಕಿನ ಕೆಲವು ಮನೆಗಳನ್ನು ಆರಿಸಿಕೊಂಡು, ಅಲ್ಲಿಯ ದನಗಳು ವರ್ಷವಿಡೀ ಏನು ತಿನ್ನುತ್ತವೆ, ಅದು ಎಲ್ಲಿಂದ ಹೇಗೆ ಬರುತ್ತದೆ ಎಂದು ತೂಗಿ ಬರೆಯಬೇಕಿತ್ತು.

ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿಯುತ್ತಿದ್ದೆ. ದೇಸೂರಿನ ನಿಲ್ದಾಣದಲ್ಲಿ ಪೇಟೆಗೆ ಹಾಲು ಒಯ್ಯುವವರು ಎದುರಿನ ಗಾಡಿಗಾಗಿ ಕಾಯುತ್ತ, ಕ್ಯಾನುಗಳ ಮೇಲೆ ಮೊಣಕೈ ಊರಿ ನಿಂತಿರುತ್ತಿದ್ದರು. ನಿಧಾನಕ್ಕೆ ಬಯಲು ಸರಿದು ಗಿಡಗಳು ದಟ್ಟವಾಗುತ್ತಿದ್ದವು. ಖಾನಾಪುರದಲ್ಲಿ ಇಳಿದರೆ ಹಂಚಿನ ಭಟ್ಟಿಗಳ ಹೊಗೆಯ ವಾಸನೆ. ಅಲ್ಲಿಂದ ನಂದಗಡದ ಬಸ್ಸು, ನಂದಗಡದಿಂದ ಮುಂದೆ ಗದ್ದೆಯ ಬದುವಿನ ಮೇಲೆ ನಡಿಗೆ. ಚಳಿಗಾಲದ ಆ ನಡಿಗೆಯಲ್ಲಿ ಕೊಯ್ದ ಗದ್ದೆಯ ಕೂಳೆ ಚಪ್ಪಲಿಗೆ ಸಿಕ್ಕಿ ಕರಕರ ಎನ್ನುತ್ತಿತ್ತು.

ಆ ಮನೆಗಳಲ್ಲಿ ಒಂದು ನನಗೆ ಬೇಗ ಹತ್ತಿರವಾಯಿತು. ಮನೆಯ ಗಂಡಸು ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಪಗಾರಕ್ಕೆ ದುಡಿಯುತ್ತಿದ್ದ. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಕತ್ತಲಾದ ಮೇಲೇ ಬರುವುದು. ದನಕರು, ಗದ್ದೆ ಎಲ್ಲ ಅವನ ಹೆಂಡತಿ ಮತ್ತು ತಾಯಿಯ ಮೇಲೆ. ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅತ್ತೆಯನ್ನು ಊರೆಲ್ಲ ಕರೆಯುವಂತೆ ಆಯಿ ಎನ್ನುತ್ತಿದ್ದೆ. ವೈನಿ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದಳು. ಆಯಿ ಮಾತ್ರ ಒಂದು ವಾಕ್ಯವನ್ನು ಮರಾಠಿಯಲ್ಲಿ ಎತ್ತಿ ಕನ್ನಡದಲ್ಲಿ ಇಳಿಸುತ್ತಿದ್ದಳು.

"ಕಾಯ್ ಗ, ನಮ್ಮ ಎಮ್ಮಿ ತಿನ್ನೂದನ್ನ ಮಾಪ ಮಾಡಾಕ ಬಂದೀ?" ಎಂದು ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿದಳು. "ಉಣ್ಣವರ ತುತ್ತು ಎಣಸಬಾರದು. ದನಕ್ಕೂ ನೆದರು ಆಗ್ತೈತಿ."

ದೃಷ್ಟಿ ತಾಗುವುದಿಲ್ಲವೆಂದು ನಾನು ಏನು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ವೈನಿಯೇ ದಾರಿ ಹುಡುಕಿದಳು. "ತೂಗಿದ ಮ್ಯಾಲ ಒಂದ ಹಿಡಿ ಹುಲ್ಲು ತಗದು ಹೊರಗ ಒಗದ್ರ ಆತಿಲ್ಲ ಅತ್ತಿ. ನೆದರು ಅದರ ಜೋಡಿ ಹೋಗ್ತೈತಿ." ಆಯಿ ಯೋಚಿಸಿ ಹೂಂ ಎಂದಳು. ಅಂದಿನಿಂದ ನಾನು ಹೊರೆಯನ್ನು ಕೊಕ್ಕೆಗೆ ಸಿಕ್ಕಿಸಿ ತೂಗುವುದು, ಆಯಿ ಅದರಿಂದ ಒಂದು ಹಿಡಿ ಕಿತ್ತು ಅಂಗಳಕ್ಕೆ ಎಸೆಯುವುದು, ಮನೆಯ ಆಕಳ ಕರು ಓಡಿಬಂದು ಅದನ್ನು ತಿನ್ನುವುದು ವಾಡಿಕೆಯಾಯಿತು. ಎಸೆದ ಹಿಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಮೇಡಂ ಅವರನ್ನು ಕೇಳಿದ್ದೆ. "ಕರು ತಿಂತಂದ್ರ ಹಿಡೀರಿ" ಎಂದಿದ್ದರು, ನಗದೆ.

ಎರಡು ಎಮ್ಮೆ, ಒಂದು ಆಕಳು, ಒಂದು ಜೋಡಿ ಎತ್ತು. ಮನೆಯ ಹಿಂದೆ ಭತ್ತದ ಹುಲ್ಲಿನ ಬಣವೆ. ಎಮ್ಮೆಗಳು ಹಗಲಲ್ಲಿ ಅಡವಿಯ ಅಂಚಿನಲ್ಲಿ ಮೇಯುತ್ತಿದ್ದವು, ಸಂಜೆ ಬಣವೆಯ ಹುಲ್ಲು ತಿನ್ನುತ್ತಿದ್ದವು. ಹಾಲು ಕರೆಯುವಾಗ ನೆನೆಸಿದ ಶೇಂಗಾ ಹಿಂಡಿ. ಸೆಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ. ವೈನಿಯ ಜೊತೆ ದನ ಮೇವು ತಿನ್ನುವ ಗೋದಲಿಯ ಕಟ್ಟೆಯ ಮೇಲೆ ಕೂತು ಇವೆಲ್ಲ ಬರೆದುಕೊಳ್ಳುತ್ತಿದ್ದಾಗ ಅವಳು ನನ್ನನ್ನು ಬೇರೆಯದೇ ಕೇಳುತ್ತಿದ್ದಳು. ಬೆಳಗಾವಿಯಲ್ಲಿ ಹುಡುಗಿಯರು ಈಗ ಎಂಥ ಸೀರೆ ಉಡುತ್ತಾರೆ, ನನ್ನ ಮದುವೆ ಯಾಕೆ ಆಗಿಲ್ಲ, ಫೋನಿನಲ್ಲಿ ಮಾತಾಡುವಾಗ ಆಚೆಯವರ ಉಸಿರು ಕೇಳುತ್ತದೆಯೇ. ತೂಕಕ್ಕಿಂತ ಆ ಹರಟೆಗೇ ಹೆಚ್ಚು ಹೊತ್ತು ಹೋಗುತ್ತಿತ್ತು.

ಹಿಂಡಿಯ ವಿಷಯ ಬಂದಾಗ ನನಗೊಂದು ತೊಡಕಾಯಿತು. ಆ ಮನೆಗೆ ಹಿಂಡಿ ನಂದಗಡದ ಸಂತೆಯಿಂದ ಬರುತ್ತಿತ್ತು. ಸಂತೆಯ ವ್ಯಾಪಾರಿಯನ್ನು ಕೇಳಿದೆ. ಮಾಲು ಬೆಳಗಾವಿಯದು ಎಂದು ಹೇಳಿ ಅವನು ಹೆಸರಿಸಿದ ಅಂಗಡಿ ನಮ್ಮದೇ. ಅಲ್ಲಿಂದ ಹಿಂದಕ್ಕೆ ಹೋಗಬೇಕೆಂದರೆ ನಾನು ಅಪ್ಪನನ್ನೇ ವಿಚಾರಿಸಬೇಕು.

ಒಂದು ಸಂಜೆ ಕೇಳಿದೆ. ಶೇಂಗಾ ಎಲ್ಲಿ ಬೆಳೆದದ್ದು, ಎಣ್ಣೆ ಎಲ್ಲಿ ತೆಗೆದದ್ದು, ಹಿಂಡಿ ಯಾವ ದಾರಿಯಿಂದ ಬಂತು.

ಅಪ್ಪನ ಮುಖ ಬಿಗಿಯಾಯಿತು. "ಮಾಲು ಎಲ್ಲಿಂದ ತರ್ತೀನಿ ಅನ್ನೂದನ್ನ ಊರಿಗೆಲ್ಲಾ ಹೇಳಿದ್ರ ಅಂಗಡಿ ಯಾಕ ಬೇಕು?"

"ನಿಮ್ಮ ಹೆಸರು ಬರಿಯೂದಿಲ್ಲಪ್ಪಾ. ಲಾರಿ ಎಷ್ಟು ದೂರದಿಂದ ಬಂತು ಅನ್ನೂದಷ್ಟ ಬೇಕು."

"ಲಾರಿ ದೂರ ತಿಳದ್ರ ಊರು ತಿಳೀತದ. ಊರು ತಿಳದ್ರ ಮಿಲ್ ತಿಳೀತದ. ನೀ ಮನಿ ಮಗಳು, ಸರಿ. ನಿಮ್ಮ ಮೇಡಂ ಯಾರು ನನಗ?"

ಒಂದೇ ಮನೆಯಲ್ಲಿ ಇದ್ದುಕೊಂಡು ಅವರಿಂದ ಆ ಉತ್ತರ ಪಡೆಯಲಾರದೆ ಹೋದದ್ದು ನನಗೆ ಬೇಸರವೂ ಸಿಟ್ಟೂ ತಂದಿತ್ತು. ಕೆಲ ದಿನ ನಾವಿಬ್ಬರೂ ಅವ್ವನ ಮೂಲಕ ಮಾತಾಡಿದೆವು.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ನಂದಗಡದಲ್ಲಿ ಬಸ್ಸಿಳಿದು ಬದು ಹಿಡಿದು ನಡೆಯುವಾಗ ಮುಂದೆ ಹೊಗೆ ಕಂಡಿತು. ಗೋಡಂಬಿ ಗಿಡದ ಕೆಳಗಿನ ತರಗು ಸುಡುತ್ತಿರಬೇಕು ಎಂದುಕೊಂಡೆ. ಹೊಗೆ ದಪ್ಪವಾಗಿ ಹಳದಿಗೆ ತಿರುಗಿದಾಗ ಓಡಿದೆ. ಯಾರದೋ ಹೊಲದಲ್ಲಿ ತರಗು ಸುಡಲು ಹಚ್ಚಿದ ಬೆಂಕಿಯ ಕಿಡಿ ಗಾಳಿಗೆ ಹಾರಿ ವೈನಿಯ ಮನೆಯ ಬಣವೆಗೆ ಬಿದ್ದಿತ್ತು.

ಹೆಂಗಸರು ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದರು. ನಾನೂ ನಡುವೆ ಸೇರಿಕೊಂಡೆ. ಕೊಡ ಬರುತ್ತಿತ್ತು, ಕೊಡ ಹೋಗುತ್ತಿತ್ತು. ಮುಖಕ್ಕೆ ಕಾವು ಹೊಡೆಯುತ್ತಿತ್ತು. ಬಣವೆ ಉಳಿಯುವುದಿಲ್ಲ ಎಂಬುದು ಬೇಗ ಎಲ್ಲರಿಗೂ ತಿಳಿಯಿತು. ಆಮೇಲೆ ನೀರೆಲ್ಲ ದನದ ಮನೆಯ ಮಾಡಿಗೆ ಸುರಿದೆವು. ವೈನಿ ಒಳಹೊಕ್ಕು, ಬಿಸಿಲೆಂದು ಆ ಹೊತ್ತಿಗೆ ಕಟ್ಟಿಹಾಕಿದ್ದ ದನಗಳ ಕಣ್ಣಿ ಬಿಚ್ಚಿ ಹೊರಗಟ್ಟಿದಳು. ಅವಳ ಸೆರಗಿನ ಅಂಚು ಸುಟ್ಟಿದ್ದು ಸಂಜೆಯವರೆಗೆ ಅವಳಿಗೇ ಗೊತ್ತಿರಲಿಲ್ಲ. ಮನೆ ಉಳಿಯಿತು, ದನ ಉಳಿದವು. ಮುಂದಿನ ಸುಗ್ಗಿಯವರೆಗೆ ಸಾಕಾಗಬೇಕಿದ್ದ ಹುಲ್ಲು ಕರಿ ಬೂದಿಯಾಗಿ ನೆಲಕ್ಕೆ ಕೂತಿತು.

ಆಯಿ ತೆಂಗಿನ ಗಿಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಇನ್ನೊಬ್ಬಳಿಗೆ, ನನಗೆ ಕೇಳುವಂತೆಯೇ, "ದಿನಾ ತಕ್ಕಡಿ ಹಚ್ಚಿದ್ರ ಇನ್ನೇನಾಗ್ತೈತಿ" ಎಂದಳು. ಕೈಯಲ್ಲಿದ್ದ ಖಾಲಿ ಕೊಡವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತುಬಿಟ್ಟೆ. ಆ ಮಾತು ಆಯಿಗೂ ಕೇಳಿತ್ತು.

"ತೂಗಿದ್ರ ಸುಡೂದಾಗಿದ್ರ ಬೆಳಗಾವಿ ಪ್ಯಾಟಿ ಎಂದೋ ಬೂದಿ ಆಗ್ತಿತ್ತು" ಎಂದಳು ಆಯಿ, ತಲೆ ಎತ್ತದೆ. "ಬಾ ಇಲ್ಲಿ, ಕುಂದರು. ನೀರು ಕುಡಿ."

ನಾನು ಅವಳ ಪಕ್ಕ ಕೂತೆ. ಅವಳೇ ನನಗೆ ತಂಬಿಗೆ ಕೊಟ್ಟಳು.

ಮರುದಿನ ಬೆಳಗಾವಿಯ ನಮ್ಮ ಕಚೇರಿಯಲ್ಲಿ ಎಲ್ಲ ಹೇಳಿದೆ. ಮೇಡಂ ಕೇಳಿ, ಪಾಪ ಎಂದರು. ಆಮೇಲೆ, "ಆ ಮನಿ ಬಿಟ್ಟು ಬೇರೆ ಮನಿ ಹಿಡೀಬೇಕಾಗ್ತದ. ಅಲ್ಲಿ ಮೇವಿನ ಲೆಕ್ಕ ಕೆಟ್ಟು ಹೋತು" ಎಂದರು. ಅವರ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ನಾನು ತಲೆ ಅಲ್ಲಾಡಿಸಿ ಹೊರಟೆ, ತಿಳಿಸಿ ಬರಲೆಂದು.

ಹೋಗಿ ನೋಡಿದರೆ ಅಂಗಳದ ತುಂಬ ಹುಲ್ಲು. ಊರ ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ಒಬ್ಬೊಬ್ಬರಾಗಿ ಬರುತ್ತಿದ್ದರು. ತಕ್ಕಡಿಯ ಮಾತಾಡಿದ್ದ ಹೆಂಗಸೂ ಒಂದು ದೊಡ್ಡ ಹೊರೆ ಇಳಿಸಿ, ನನ್ನ ಕಡೆ ನೋಡಿ, "ಇದನ್ನೂ ತೂಗ್ತಿ ಏನವಾ?" ಎಂದು ಕೇಳಿ ಒಳಗೆ ಹೋದಳು. ಯಾರದೋ ಮನೆಯ ಸಣ್ಣ ಭತ್ತದ ಹುಲ್ಲು, ಯಾರದೋ ದಪ್ಪ ಹುಲ್ಲು, ಒಂದೆಡೆ ಕಬ್ಬಿನ ಸೋಗೆ. ವೈನಿ ಅವನ್ನು ಬೇರೆ ಬೇರೆ ಒಟ್ಟುತ್ತಿದ್ದಳು.

"ಇದೆಲ್ಲಾ ರೊಕ್ಕ ಇಲ್ಲದ ಹಂಗ ಕೊಟ್ರೇನು?" ಎಂದು ಕೇಳಿದೆ.

"ಹಂಗ ಅಂದ್ರ? ಸುಗ್ಗಿ ಆದ ಮ್ಯಾಲ ನಾವೂ ಕೊಡ್ತೀವಿ. ಹ್ವಾದ ಮಳಿಗಾಲದಾಗ ಅವರ ಹುಲ್ಲು ಕೊಳತಿತ್ತು, ನಮ್ದು ಒಯ್ದಿದ್ರು."

ಮನೆ ಬಿಡುತ್ತೇವೆ ಎಂಬ ಮಾತನ್ನು ನಾನು ಆ ದಿನ ಆಡಲಿಲ್ಲ. ಬೆಳಗಾವಿಗೆ ಮರಳಿ ಮೇಡಂ ಎದುರು ಕೂತು, ಲೆಕ್ಕ ಕೆಟ್ಟಿಲ್ಲ, ನಾವು ಕೇಳಬೇಕಾದದ್ದನ್ನೇ ಕೇಳಿರಲಿಲ್ಲ ಎಂದೆ. ಒಂದು ಮನೆಯ ಗದ್ದೆಯಲ್ಲಿ ಬೆಳೆದ ಹುಲ್ಲನ್ನೇ ಆ ಮನೆಯ ದನ ತಿನ್ನುತ್ತದೆ ಎಂದು ಹಿಡಿದುಕೊಂಡಿದ್ದೆವು. ಇಲ್ಲಿ ಹುಲ್ಲು ಮನೆಯಿಂದ ಮನೆಗೆ ನಡೆಯುತ್ತದೆ. ಈ ಮನೆಯನ್ನು ಕೈಬಿಟ್ಟರೆ ನಮ್ಮ ಅಂಕಿಯೂ ಹೊರದೇಶದ ಅಂಕಿಯಂತೆಯೇ ಆಗುತ್ತದೆ ಎಂದೆ. ಅಷ್ಟು ಜೋರಾಗಿ ಅವರೆದುರು ಹಿಂದೆ ಮಾತಾಡಿದವಳಲ್ಲ.

ಮೇಡಂ ಲವಂಗವನ್ನು ಬಾಯಿಯ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿದರು. "ನಾಳೆ ನಾನೂ ಬರ್ತೀನಿ ನಡೀರಿ" ಎಂದರು.

ಬಂದರು. ಇಸ್ತ್ರಿಯ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಬದುವಿನ ಮೇಲೆ ನನಗಿಂತ ಬೇಗ ನಡೆದರು. ಆಯಿಯ ಜೊತೆ ಅಂಗಳದಲ್ಲಿ ಕೂತು ಚಹಾ ಕುಡಿದರು. ಯಾವ ಮನೆಗೆ ಯಾವಾಗ ಹುಲ್ಲು ಕೊಟ್ಟಿದ್ದೆವು, ಯಾರಿಂದ ಯಾವಾಗ ತಂದಿದ್ದೆವು ಎಂದು ಆಯಿ ಹೇಳುತ್ತಿದ್ದರೆ ವೈನಿ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದಳು, ಇಬ್ಬರಿಗೂ ಜಗಳವೇ ಹತ್ತಿತು. ಮೇಡಂ ಇಬ್ಬರ ಮಾತನ್ನೂ ಬರೆದುಕೊಂಡರು. ಮರಳುವಾಗ ಗಾಡಿಯಲ್ಲಿ, ಎಲ್ಲ ಮನೆಗಳಿಗೂ ಮತ್ತೊಮ್ಮೆ ಹೋಗಿ ಹುಲ್ಲಿನ ಕೊಡುಕೊಳ್ಳುವಿಕೆಯನ್ನು ಕೇಳಬೇಕೆಂದು ತೀರ್ಮಾನಿಸಿದರು. ಬೇಸಿಗೆಯ ಉಳಿದ ದಿನಗಳೆಲ್ಲ ಅದಕ್ಕೇ ಹೋದವು. ಕೊಟ್ಟು ಕೊಳ್ಳದ ಮನೆ ನಮಗೆ ಸಿಗಲಿಲ್ಲ.

ಇತ್ತ ವೈನಿಯ ಗಬ್ಬದ ಎಮ್ಮೆ ಸೊರಗತೊಡಗಿತ್ತು. ಹೊಸ ಹುಲ್ಲನ್ನು ಮೂಸಿ ಬಿಡುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವನಿಗೆ ಅದನ್ನು ಹೇಳುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ರವಿವಾರ ಬೆಳಿಗ್ಗೆ ಅವರು ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದರು. ಕಾಲ ಬಳಿ ಹಿಂಡಿಯ ಒಂದು ಚೀಲ.

"ಖಾನಾಪುರದ ಗಾಡಿ ಎಷ್ಟಕ್ಕ?" ಎಂದರು.

ನಂದಗಡದಿಂದ ಚೀಲ ಒಯ್ಯಲು ಬಾಡಿಗೆಗೆ ಒಂದು ಎತ್ತಿನ ಚಕ್ಕಡಿ ಹಿಡಿದೆವು. ಇಷ್ಟು ವರ್ಷ ಹಿಂಡಿ ಮಾರಿದವರು ಅದನ್ನು ತಿನ್ನುವ ಎಮ್ಮೆಯ ಮನೆಗೆ ಹೋದದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ಆಯಿಗೆ ಕೈಮುಗಿದು ಕೂತವರು ಮರಾಠಿಯಲ್ಲಿ ಮಾತು ತೆಗೆದರು. ಪೇಟೆಯ ಗಿರಾಕಿಗಳ ಜೊತೆ ಮಾತ್ರ ಕೇಳಿದ್ದ ಅವರ ಮರಾಠಿ ಇಲ್ಲಿ ಬೇರೆಯಾಗಿ, ಮೆತ್ತಗೆ ಕೇಳಿಸಿತು. ಆಮೇಲೆ ದನದ ಮನೆಗೆ ಹೋಗಿ ಮೂಲೆಯಲ್ಲಿದ್ದ ಹಳೆಯ ಹಿಂಡಿಯ ಒಂದು ತುಂಡು ಮುರಿದು ಮೂಸಿದರು. ಬೆರಳಲ್ಲಿ ಪುಡಿ ಮಾಡಿ ಬೆಳಕಿಗೆ ಹಿಡಿದರು.

"ಇದಕ್ಕ ಬೂಸರು ಬಂದದ. ಹಾಕಬ್ಯಾಡ್ರಿ ಇದನ್ನ" ಎಂದರು ವೈನಿಗೆ. "ನನ್ನ ಅಂಗಡಿದಿಂದ ಹೊಂಟಾಗ ಚೊಲೋನ ಇತ್ತು. ನಡುವ ಎಲ್ಲೋ ಹಸಿಯೊಳಗ ಬಿದ್ದದ."

ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು. ಅದು ತಿರುಗಿ ಅವರ ಅಂಗಿಯನ್ನು ಮೂಸಿತು. ಹಿಂಡಿಯ ವಾಸನೆ ಹತ್ತಿರಬೇಕು, ತೋಳನ್ನು ನೆಕ್ಕಿತು. ಅಪ್ಪ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ.

ಸಂಜೆಯ ಗಾಡಿಯಲ್ಲಿ ಜನ ಕಡಿಮೆ ಇದ್ದರು. ದೇಸೂರಿನಲ್ಲಿ ಹಾಲಿನವರು ಎದುರಿನ ಗಾಡಿಯಿಂದ ಖಾಲಿ ಕ್ಯಾನು ಇಳಿಸುವ ಸದ್ದಿನ ನಡುವೆ ಅಪ್ಪ ತಾವಾಗಿಯೇ ಶುರು ಮಾಡಿದರು. ಶೇಂಗಾ ಗದಗಿನ ಕಡೆಯದು. ಮಳೆ ಕೈಕೊಟ್ಟ ವರ್ಷ ಇನ್ನೂ ಆಚೆಯದು. ಹತ್ತಿಕಾಳು ಬೈಲಹೊಂಗಲದ ಕಡೆಯಿಂದ, ಕೆಲವೊಮ್ಮೆ ಸಾಂಗ್ಲಿಯಿಂದ. ಯಾವ ಮಿಲ್ಲು ಕರೆಂಟಿನದು, ಯಾವುದು ಡೀಸೆಲ್ ಇಂಜಿನ್ನಿನದು ಎಂಬುದನ್ನೂ ಹೇಳಿದರು. ನಾನು ಬರೆದುಕೊಳ್ಳುತ್ತ ಹೋದೆ.

"ಮಾಲು ಇಳಿಸಿದ ಮ್ಯಾಲ ಲಾರಿ ಖಾಲಿ ಹೋಗ್ತಾವೇನಪ್ಪಾ?"

"ಖಾಲಿ ಯಾಕ ಹೋಗ್ತಾವ? ಖಾನಾಪುರದ ಹಂಚು ತುಂಬ್ಕೊಂಡು ಹೋಗ್ತಾವ. ಇಲ್ಲಾಂದ್ರ ಬಾಡಿಗಿ ಗಿಟ್ಟೂದಿಲ್ಲ."

ನನಗೆ ಅದು ದೊಡ್ಡ ವಿಷಯ. ಮರಳುವಾಗ ಹಂಚು ಒಯ್ಯುವ ಲಾರಿಯ ಡೀಸೆಲನ್ನು ಪೂರ್ತಿ ಹಿಂಡಿಯ ತಲೆಗೆ ಕಟ್ಟುವಂತಿಲ್ಲ. ನಾನು ಹಿಗ್ಗಿದ್ದು ಯಾಕೆಂದು ಅಪ್ಪನಿಗೆ ತಿಳಿಯಲಿಲ್ಲ. ಬೆಳಗಾವಿ ಬರುವವರೆಗೆ ವಿವರಿಸಿದೆ. ಕೊನೆಗೆ, "ಹಂಗಾದ್ರ ಹಸಿಯೊಳಗ ಬಿದ್ದು ಕೆಟ್ಟ ಹಿಂಡಿದು ಯಾರ ಲೆಕ್ಕಕ್ಕ?" ಎಂದು ಕೇಳಿದರು. ಅದೂ ಮೇವಿನ ಲೆಕ್ಕಕ್ಕೇ ಬರಬೇಕು ಎಂದೆ. ಮುಂದಿನ ವಾರದಿಂದ ಅವರು ನಂದಗಡಕ್ಕೆ ಹೋಗುವ ಚೀಲಗಳಿಗೆ ಒಳಗೊಂದು ಪ್ಲಾಸ್ಟಿಕ್ ಹಾಳೆಯ ಪದರ ಹಾಕಿಸತೊಡಗಿದರು.

ಎಮ್ಮೆ ಚೇತರಿಸಿಕೊಂಡು ಶ್ರಾವಣದಲ್ಲಿ ಈಯಿತು, ಹೆಣ್ಣು ಕರು. ವೈನಿಯ ಗಂಡ ಕಾರ್ಖಾನೆಗೆ ರಜೆ ಹಾಕಿ ಡಬ್ಬಿಯಲ್ಲಿ ಗಿಣ್ಣ ಕಟ್ಟಿಕೊಂಡು ನಮ್ಮ ಅಂಗಡಿಗೇ ಬಂದ. ಅಂಗಡಿಯಲ್ಲಿ ನೀರು ಬಿಟ್ಟು ಬೇರೇನನ್ನೂ ಮುಟ್ಟದ ಅಪ್ಪ, ಚೀಲದ ಮೇಲೆ ಕೂತು ಅವನ ಎದುರೇ ತಿಂದರಂತೆ.

ವರ್ಷದ ಕೊನೆಗೆ ನಮ್ಮ ವರದಿ ಸಿದ್ಧವಾಯಿತು. ಮಳೆಯ ನೀರಿನಲ್ಲೇ ಬೆಳೆದು, ತಲೆಯ ಮೇಲೆ ಬಂದ ಹುಲ್ಲಿನ 'ಪರಿಸರದ ಹೊರೆ' ಪುಸ್ತಕದಲ್ಲಿದ್ದ ಹೊರದೇಶದ ಅಂಕಿಗಿಂತ ಕಡಿಮೆ ಬರುತ್ತದೆಂದು ನಾನು ಆಸೆ ಇಟ್ಟುಕೊಂಡಿದ್ದೆ. ಡೀಸೆಲ್ಲು, ಕರೆಂಟಿನಲ್ಲಿ ಹಾಗೆಯೇ ಬಂತು. ನೀರು ನಿಂತ ಗದ್ದೆಯಿಂದ ಏಳುವ, ಭೂಮಿಯ ಕಾವು ಹೆಚ್ಚಿಸುವ ಮೀಥೇನ್ ಅನಿಲ ಸೇರಿಸಿದಾಗ ಒಟ್ಟು ಅಂಕಿ ಅದಕ್ಕಿಂತ ಮೇಲೆ ಹೋಯಿತು. ನನ್ನ ಮುಖ ಸಪ್ಪೆಯಾದದ್ದು ಕಂಡು ಮೇಡಂ, "ಚೊಲೋ ಬರ್ಲಿ ಅಂತ ತೂಗಿದ್ವೇನು? ಖರೇ ಬರ್ಲಿ ಅಂತ ತೂಗಿದ್ವಿ. ಇನ್ನ ಮ್ಯಾಲ ಈ ಕಡೆ ಹುಲ್ಲಿಗೆ ಈ ಕಡೆ ಅಂಕಿ ಅದ, ಸಾಕು" ಎಂದರು. ಅಷ್ಟಕ್ಕೆ ಯೋಜನೆ ಮುಗಿಯಿತು. ಮೇಡಂ ಊರಿಗೆ ಮರಳಿದರು. ಕೆಲ ವರ್ಷ ದೀಪಾವಳಿಗೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವರಿಲ್ಲವೆಂಬ ಸುದ್ದಿ ತಡವಾಗಿ ತಿಳಿಯಿತು. ಅಪ್ಪನೂ ಈಗಿಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ.

ಯೋಜನೆ ಮುಗಿದ ಮೇಲೂ ಒಮ್ಮೆ ಹೋಗಿದ್ದೆ. ಸುಗ್ಗಿ ಆಗಿತ್ತು. ಮನೆಯ ಹಿಂದೆ ಹೊಸ ಬಣವೆ ಏರಿತ್ತು. ವೈನಿ ಹುಲ್ಲಿನ ಹೊರೆ ಕಟ್ಟುತ್ತಿದ್ದಳು, ಬೇಸಿಗೆಯಲ್ಲಿ ಕೊಟ್ಟ ಮನೆಗಳಿಗೆ ಮರಳಿಸಲು. ನಾನೂ ಒಂದು ಹೊರುತ್ತೇನೆಂದೆ. ಆಯಿ ಬಟ್ಟೆಯ ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟು, ವೈನಿಯ ಜೊತೆ ಸೇರಿ ಹೊರೆ ಎತ್ತಿಟ್ಟಳು. ಕತ್ತು ಒಳಗಿಳಿದಂತಾಯಿತು. ಹುಲ್ಲಿನ ಎಳೆಗಳು ಕಣ್ಣ ಮುಂದೆ ಇಳಿಬಿದ್ದು ದಾರಿ ಅರ್ಧ ಮಾತ್ರ ಕಾಣುತ್ತಿತ್ತು. ವೈನಿಯ ಹಿಮ್ಮಡಿ ನೋಡಿಕೊಂಡು ಅವಳ ಹಿಂದೆಯೇ ನಡೆದೆ. ಹುಲ್ಲು ಕೊಟ್ಟಿದ್ದ ಒಂದು ಮನೆಯ ಅಂಗಳ ತಲುಪಿದಾಗ ಹೆಂಗಸೊಬ್ಬಳು ಹೊರಬಂದು ನನ್ನ ಹೊರೆ ಇಳಿಸಿಕೊಂಡಳು. ನನ್ನ ಕೂದಲಲ್ಲಿ ಸಿಕ್ಕ ಹುಲ್ಲನ್ನು ಒಂದೊಂದಾಗಿ ತೆಗೆದು ಗೋದಲಿಗೆ ಹಾಕಿ, ಒಳಗೆ ಬಾ, ಚಹಾಕ್ಕೆ ಇಟ್ಟೀನಿ ಎಂದಳು.